ದೊಡ್ಡಪ್ಪನ ಬೆರಳು ಕಾದ ದಿನಗಳು

ಬೆರಳಿನ ಈ ಕಾನೂನನ್ನು ನನಗೆ ಮೊದಲು ಹೇಳಿದವರು ಹೊಸಪೇಟೆಯ ಒಂದು ದವಾಖಾನೆಯಲ್ಲಿದ್ದ ಕಂಪೌಂಡರ್ ಕಾಕಾ. "ನೆಟ್ಟಗ ಇಟ್ರ ಆರು ವಾರ. ನಡುವ ಒಂದು ಸಲ ಬಗ್ಗಿತಂದ್ರ, ಲೆಕ್ಕ ಮತ್ತ ಒಂದರಿಂದ." ಇಷ್ಟನ್ನೂ ಅವರು ಔಷಧದ ಬಾಟಲಿಗೆ ಚೀಟಿ ಅಂಟಿಸುತ್ತ, ನನ್ನ ಮುಖ ಕೂಡ ನೋಡದೆ ಹೇಳಿದರು. ಆ ಒಂದು ಮಾತು ನನ್ನ ಎರಡು ತಿಂಗಳನ್ನು ತಿಂದು ಹಾಕೀತು ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಂಥ ಪ್ರಸಂಗಗಳು ಬೇರೆಯವರ ಮನೆಯಲ್ಲಿ ವರ್ಷಕ್ಕೊಂದು ಆದರೆ ಹೆಚ್ಚು. ನಮ್ಮ ಮನೆಯಲ್ಲಿ ಅವು ಸ್ನಾನ, ಊಟದ ಹಾಗೆ ನಡೆಯುತ್ತಲೇ ಇದ್ದವು. ಅವನ್ನು ತಡೆಯುವ ಶಕ್ತಿ ಯಾರಿಗೂ ಇರಲಿಲ್ಲ. ಮನಸ್ಸಂತೂ ಮೊದಲೇ ಇರಲಿಲ್ಲ.

ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು.

೧. ಕಚ್ಚೆ

ಅಪ್ಪ, ಅವ್ವ ಇಬ್ಬರೂ ಇಲ್ಲದ ನನ್ನನ್ನು ಸಾಕಿದವರು ದೊಡ್ಡಪ್ಪ, ದೊಡ್ಡವ್ವ. ಹೊಸಪೇಟೆಯಲ್ಲಿ ಅಕ್ಕಿ ಗಿರಣಿ, ಮಲಪನಗುಡಿಯಲ್ಲಿ ಒಂದಿಷ್ಟು ಗದ್ದೆ. ಅವರಿಗೆ ಮಕ್ಕಳಿರಲಿಲ್ಲ. ಇದ್ದವಳು ನಾನೊಬ್ಬಳು. ಬಳ್ಳಾರಿಯಲ್ಲಿ ಇಂಟರ್ ಮುಗಿಸಿ ಬಂದು, ಮದ್ರಾಸಿನ ಹೆಣ್ಣುಮಕ್ಕಳ ಕಾಲೇಜಿಗೆ ಅರ್ಜಿ ಹಾಕಿಕೊಂಡು ಕೂತಿದ್ದೆ.

ಒಂದು ದಿನ ಸೀಟು ಇದೆ ಎಂದು ಕಾಗದ ಬಂತು. ಜೊತೆಗೆ ಒಂದು ಫಾರಂ. ಅದಕ್ಕೆ ಪಾಲಕರ ಸಹಿ ಹಾಕಿಸಿ ಎರಡು ತಿಂಗಳೊಳಗೆ ತಲುಪಿಸಬೇಕು, ತಲುಪದಿದ್ದರೆ ಸೀಟು ಬೇರೆಯವರಿಗೆ. ದೊಡ್ಡಪ್ಪ ಫಾರಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮದ್ರಾಸು ಭಾಳ ದೂರ ಆತಲ್ಲವಾ" ಎಂದು ಗೂಡಿನಲ್ಲಿಟ್ಟರು. ಬ್ಯಾಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ.

ದೊಡ್ಡಪ್ಪನ ಸಹಿ ಎಂದರೆ ನಮ್ಮ ಓಣಿಯಲ್ಲಿ ಹೆಸರಾದದ್ದು. ನಮ್ಮ ಕಡೆ ಆಗ ಸಹಿ ಹಾಕುವವರೇ ಕಡಿಮೆ. ಅವರದು ಬರೀ ಸಹಿಯಲ್ಲ, ಒಂದು ಮೆರವಣಿಗೆ. ಕೊನೆಯ ಅಕ್ಷರದ ಬಾಲ ಕೆಳಗಿಳಿದು, ಹಿಂದಕ್ಕೆ ಹರಿದು, ಇಡೀ ಹೆಸರನ್ನು ಒಂದು ಸುತ್ತು ಹಾಕಿ ಬರುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಹತ್ತು ಜನಕ್ಕೆ ಪೇಪರ್ ಓದಿ ಹೇಳುವವರೂ ಅವರೇ.

ಕಾಗದ ಬಂದ ಮರುದಿನವೇ ದೊಡ್ಡಪ್ಪ ಕಂಪ್ಲಿಗೆ ಯಾವುದೋ ಪಂಚಾಯಿತಿಗೆ ಹೊರಟಿದ್ದರು. ಹೊರಗೆ ಗಾಡಿ ನಿಂತಿತ್ತು. ಅವಸರದಲ್ಲಿ ಧೋತರದ ಕಚ್ಚೆಯನ್ನು ಹಿಂದಕ್ಕೆ ಒಯ್ದು ಜೋರಾಗಿ ಸಿಗಿಸಿದರು. ಒಳಗೆಲ್ಲೋ "ಟಕ್" ಎಂದಿತಂತೆ. ಕೈ ಈಚೆ ತಂದು ನೋಡಿದರೆ ಬಲಗೈ ನಡುಬೆರಳಿನ ತುದಿ ಕೆಳಕ್ಕೆ ಜೋತು ಬಿದ್ದಿದೆ. ನೋವಿಲ್ಲ, ರಕ್ತವಿಲ್ಲ. ಮೇಲೆತ್ತು ಎಂದರೆ ಮಾತ್ರ ಮೇಲೇಳುವುದಿಲ್ಲ. ಉಳಿದ ನಾಲ್ಕು ಬೆರಳು ನೆಟ್ಟಗೆ ನಿಂತಿದ್ದರೆ ಇದೊಂದು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ನಿಂತಿತ್ತು.

ದವಾಖಾನೆಯ ಡಾಕ್ಟರು ಮದ್ರಾಸಿನ ಕಡೆಯವರು. ನೋಡಿದ ಕೂಡಲೇ ಕಂಡುಹಿಡಿದರು. ಬೆರಳಿನ ಬೆನ್ನ ಮೇಲೆ ಒಂದು ತೆಳ್ಳನೆಯ ಹುರಿ ಓಡುತ್ತದೆ, ಬೆರಳೆತ್ತುವುದು ಅದೇ. ತುದಿಯಲ್ಲಿ ಅದು ಕಳಚಿಕೊಂಡಿದೆ, ಎಲುಬಿಗೆ ಏನೂ ಆಗಿಲ್ಲ. ಬಿದಿರಿನ ದಬ್ಬೆ ಕಟ್ಟಿ ನೆಟ್ಟಗಿಟ್ಟರೆ ಹುರಿ ತಾನೇ ಕೂಡಿಕೊಳ್ಳುತ್ತದೆ. ಬಟ್ಟೆ ಬದಲಿಸುವಾಗಲೂ ಬೆರಳನ್ನು ಮಣೆಯ ಮೇಲೆ ಚಪ್ಪಟೆಯಾಗಿ ಒತ್ತಿಟ್ಟೇ ಬದಲಿಸಬೇಕು, ತುದಿ ಒಂದು ಕ್ಷಣವೂ ಇಳಿಬೀಳಬಾರದು. ಇಷ್ಟನ್ನು ಇಂಗ್ಲಿಷು, ತೆಲುಗು ಬೆರೆಸಿ ಹೇಳಿದರು. ಕಂಪೌಂಡರ್ ಕಾಕಾ ಅದನ್ನು ಎರಡೇ ಸಾಲಿನ ಕಾನೂನು ಮಾಡಿ ನನ್ನ ಕೈಗೆ ಕೊಟ್ಟರು. ಇಂಗ್ಲಿಷ್ ಬರುವವಳು ನಾನೊಬ್ಬಳೇ ಆದ್ದರಿಂದ ಬೆರಳಿನ ಉಸ್ತುವಾರಿಯೂ ನನ್ನದೇ ಆಯಿತು. ಜೀವನದಲ್ಲಿ ನನಗೆ ಸಿಕ್ಕ ಮೊದಲ ನೌಕರಿ ಅದು.

"ಹೆಂಗಾತ್ರಿ ಇದು?" ಎಂದು ಡಾಕ್ಟರು ಕಂಪೌಂಡರ್ ಕಾಕಾನಿಂದ ಕೇಳಿಸಿದರು.

ಕಚ್ಚೆ ಹಾಕುವಾಗ ಎಂದು ದೊಡ್ಡಪ್ಪ ಹೇಳಲು ತಯಾರಿರಲಿಲ್ಲ. "ಎತ್ತು ಹಗ್ಗ ಎಳೀತು" ಎಂದರು. ಕಂಪೌಂಡರ್ ಕಾಕಾ ದೊಡ್ಡಪ್ಪನ ಹಿಂದೆ ಹೋಗಿ ಒಮ್ಮೆ ಬಗ್ಗಿ ನೋಡಿ ಬಂದರು.

"ಸಾವ್ಕಾರ್ರ, ಎತ್ತು ನಿಮ್ಮ ಕಚ್ಚಿನೂ ಅರ್ಧಕ್ಕ ಬಿಚ್ಚೈತಲ್ರಿ!"

೨. ತುತ್ತು

ಮನೆಗೆ ಬಂದ ಮೇಲೆ ನಾನು ಫಾರಂ ಮುಂದೆ ಹಿಡಿದೆ. ದೊಡ್ಡಪ್ಪನ ಮುಖದಲ್ಲಿ ಆ ದಿನ ಮೊದಲ ಬಾರಿಗೆ ನಗು ಕಂಡಿತು.

"ಬೆರಳು ನೆಟ್ಟಗಾಗ್ಲೆವಾ. ಆದ ದಿನಾನ ಸಹಿ. ಪೆನ್ನು ಹಿಡ್ಯಾಕ ಬರಬೇಕಲ್ಲ?"

ನಾನು ಲೆಕ್ಕ ಹಾಕಿದೆ. ಆರು ವಾರ ಎಂದರೆ ನಲವತ್ತೆರಡು ದಿನ, ಗಡುವು ಅರವತ್ತು. ಹದಿನೆಂಟು ದಿನ ಕೈಯಲ್ಲಿ. ಬೆರಳು ಬಗ್ಗದಂತೆ ನೋಡಿಕೊಂಡರೆ ಮದ್ರಾಸು ಸಿಕ್ಕಿತು. ಅಂದಿನಿಂದ ಆ ದಬ್ಬೆಯೊಳಗೆ ಇದ್ದದ್ದು ದೊಡ್ಡಪ್ಪನ ಬೆರಳಲ್ಲ, ನನ್ನ ಬಿ.ಎ.

ಮೊದಲ ತೊಂದರೆ ಊಟದ್ದು. ದಬ್ಬೆ ತೊಯ್ಯಬಾರದು. ಎಡಗೈಲಿ ಉಣ್ಣುವುದನ್ನು ಕನಸಿನಲ್ಲೂ ಒಪ್ಪುವವರಲ್ಲ. ಚಮಚ ಎಂದರೆ ಔಷಧಕ್ಕೆ. ಉಳಿದ ದಾರಿ ಒಂದೇ, ದೊಡ್ಡವ್ವ ತುತ್ತು ಮಾಡಿ ಬಾಯಿಗಿಡುವುದು. ಮದುವೆಯಾಗಿ ಮೂವತ್ತು ವರ್ಷ ನಾಲ್ಕು ಜನರೆದುರು ಹೆಂಡತಿಯ ಜೊತೆ ನೆಟ್ಟಗೆ ಮಾತಾಡದ ಮನುಷ್ಯ, ಈಗ ಅಡಿಗೆಮನೆಯ ಬಾಗಿಲು ಮುಂದಕ್ಕೆಳೆದುಕೊಂಡು ಗುಬ್ಬಿಮರಿಯ ಹಾಗೆ ಬಾಯಿ ತೆರೆದು ಕೂಡಬೇಕಾಯಿತು.

ದೊಡ್ಡವ್ವ ಈ ಅಧಿಕಾರವನ್ನು ಬಿಡುವವಳಲ್ಲ. ರೊಟ್ಟಿ ಮುರಿದು ಪಲ್ಯ ಹಚ್ಚಿ ತುತ್ತನ್ನು ಬಾಯಿಯಿಂದ ನಾಲ್ಕು ಬೆರಳು ದೂರದಲ್ಲಿ ನಿಲ್ಲಿಸುತ್ತಿದ್ದಳು.

"ಅಟ್ಟದ ಮ್ಯಾಲಿನ ಹೆಂಚು ಬದಲಸ್ತೀರಿಲ್ಲ?"

"ಬದಲಸ್ತೀನಿ, ಕೊಡು."

"ಯಾವಾಗ?"

"ಈ ವಾರ. ಕೊಡ ಮಾರಾಯ್ತಿ."

ಹಾಗೆ ಹೆಂಚು ಬದಲಾಯಿತು, ನೀರೊಲೆ ಹೊಸದಾಯಿತು, ಏಳು ವರ್ಷದಿಂದ ಕುಂಟುತ್ತಿದ್ದ ಮಂಚಕ್ಕೆ ಕಾಲು ಬಂತು. ಹುಡುಗಿ ಮದ್ರಾಸಿಗೆ ಹೋಗ್ಲೇನ್ರಿ ಎಂಬ ತುತ್ತಿಗೆ ಮಾತ್ರ ಅವರು ಬಾಯಿ ಮುಚ್ಚಿಕೊಂಡು, "ಹೊಟ್ಟಿ ತುಂಬೇತಿ" ಎಂದು ಎದ್ದುಬಿಟ್ಟರು.

ಒಂದು ಮಧ್ಯಾಹ್ನ ಬತ್ತದ ವ್ಯಾಪಾರಿಯೊಬ್ಬರು ಕೂಗದೆ, ಕರೆಯದೆ ನೇರವಾಗಿ ಒಳಗೇ ಬಂದರು. ದೊಡ್ಡಪ್ಪನ ಬಾಯಿ ತೆರೆದಿದೆ, ದೊಡ್ಡವ್ವನ ಕೈ ಅದರ ಬಾಗಿಲಲ್ಲಿದೆ. ದೊಡ್ಡಪ್ಪ ತಕ್ಷಣ ಗಂಭೀರರಾದರು.

"ಬರ್ರಿ, ಕುಂದ್ರಿ. ಹಲ್ಲು ನೋಯಾಕತ್ತಿತ್ತು. ಯಾವ ಹಲ್ಲು ಅಂತ ನೋಡಾಕತ್ತಾಳ."

ವ್ಯಾಪಾರಿ ಕೂತು, ತಟ್ಟೆಯ ಕಡೆಗೊಮ್ಮೆ ನೋಡಿದರು.

"ಹೌದೇನ್ರಿ? ನಮ್ಮ ಮನ್ಯಾಗ ಬರೇ ಕಣ್ಣಿಲೆ ನೋಡ್ತಾರ. ನಿಮ್ಮಲ್ಲಿ ಬದ್ನಿಕಾಯಿ ಪಲ್ಯ ಹಚ್ಚಿ ನೋಡ್ತಾರೇನು?"

೩. ಎರಡು ಅಡ್ಡ, ಒಂದು ಉದ್ದ

ವಿಭೂತಿ ಹಚ್ಚುವುದು ಮೂರು ಬೆರಳಿನಿಂದ. ಹಣೆಯ ಮೇಲೆ ಮೂರು ಎಳೆ ಒಂದರ ಕೆಳಗೊಂದು ಬಂದರೇ ಅದಕ್ಕೆ ಲಕ್ಷಣ. ಮೂರರಲ್ಲಿ ನಡುವಿನದೇ ದಬ್ಬೆಯೊಳಗಿದ್ದರೆ ಏನು ಮಾಡುವುದು? "ನಾ ಹಚ್ತೀನ್ರಿ" ಎಂದು ದೊಡ್ಡವ್ವ ಮುಂದೆ ಬಂದಳು. ದೊಡ್ಡಪ್ಪ, "ಉಣ್ಣೂದು ನಿನ್ನ ಕೈಲೆ, ವಿಭೂತಿನೂ ನಿನ್ನ ಕೈಲೆ ಅಂದ್ರ, ನಾ ಇರೂದ್ಯಾಕ?" ಎಂದು ತಾವೇ ಹಚ್ಚಿಕೊಂಡರು.

ಮೇಲೊಂದು ಎಳೆ ಬಂತು, ಕೆಳಗೊಂದು ಬಂತು, ನಡುವೆ ಬಯಲು. ಕೈ ಇಳಿಸುವಾಗ ಬೆರಳಿಗಿಂತ ಅರ್ಧ ಇಂಚು ಮುಂದೆ ಚಾಚಿಕೊಂಡಿದ್ದ ದಬ್ಬೆಯ ತುದಿ ಹಣೆಯ ನಡುವಿನಿಂದ ಮೂಗಿನವರೆಗೆ ಉದ್ದಕ್ಕೊಂದು ಗೆರೆ ಎಳೆದುಬಿಟ್ಟಿತು. ಅವರಿಗೆ ಅದು ಗೊತ್ತಾಗಲಿಲ್ಲ. ಹೇಳುವ ಧೈರ್ಯ ಗಿರಣಿಯಲ್ಲೂ ಯಾರಿಗೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ.

ಸೋಮವಾರವೂ ಹಾಗೇ ಹಚ್ಚಿಕೊಂಡರು, ಹಂಪಿಗೆ ಹೋದೆವು. ದೊಡ್ಡಪ್ಪ ಬಜಾರಿನ ಉದ್ದಕ್ಕೂ ಎಂದಿನ ಗತ್ತಿನಲ್ಲೇ ನಡೆದರು. ಕಲ್ಲುಮಂಟಪಗಳಲ್ಲಿ ಕುಳಿತ ಕಾಯಿ, ಹೂವಿನವರೆಲ್ಲ ನಮಸ್ಕಾರ ಮಾಡಿ, ಹಣೆ ನೋಡಿ, ಇನ್ನೊಮ್ಮೆ ನೋಡಿ, ಬೇರೆ ಕಡೆ ತಿರುಗುತ್ತಿದ್ದರು. ವಿರೂಪಾಕ್ಷನ ಗುಡಿಯ ಮುದುಕ ಪೂಜಾರಿಗೆ ದೊಡ್ಡಪ್ಪನ ಜೊತೆ ಸಲಿಗೆ ಹೆಚ್ಚು. ಮಂಗಳಾರತಿಯ ಬೆಳಕನ್ನು ಹಣೆಯ ಹತ್ತಿರವೇ ಹಿಡಿದು ಸಾವಕಾಶ ಓದಿದರು.

"ಏನ್ರಿ ಸಾವ್ಕಾರ್ರ, ಅಡ್ಡ ಎರಡು ವಿರೂಪಾಕ್ಷಗ, ಉದ್ದ ಒಂದು ವಿಠ್ಠಲಗ. ಇಬ್ಬರನ್ನೂ ಒಂದ ಹಣಿ ಮ್ಯಾಲ ಕುಂದ್ರಿಸಿ ರಾಜಿ ಮಾಡಸಾಕ ಬಂದೀರೇನು?"

ಗುಡಿಯೆಲ್ಲ ನಕ್ಕಿತು. ಮರುದಿನ ಬೆಳಿಗ್ಗೆ ಅವರ ಹಣೆಯ ಮೇಲೆ ಮೂರು ಎಳೆ ಹೊಲದ ಸಾಲಿನ ಹಾಗೆ ನೀಟಾಗಿ ಮೂಡಿದ್ದವು. ನೋಡಿದ್ದೇ ಓಡಿ ಹೋಗಿ ಕೈ ಹಿಡಿದೆ.

"ದೊಡ್ಡಪ್ಪ, ದಬ್ಬಿ ಬಿಚ್ಚಿದ್ರೇನು?"

"ಇಲ್ಲವಾ. ಹಂಗ ಬಂತು."

ದವಾಖಾನೆಯಲ್ಲಿ ಕಂಪೌಂಡರ್ ಕಾಕಾ ಬಟ್ಟೆ ಬಿಚ್ಚಿ ನೋಡಿದರು. ಒಳಗಿನ ಅರಳೆ ತುಂಬ ವಿಭೂತಿ. ತುದಿ ಮತ್ತೆ ಜೋತು ಬಿದ್ದಿತ್ತು.

"ನೀವು ಬಿಚ್ಚಿಲ್ಲ ಅಂತೀರಿ. ಹಂಗಾದ್ರ ಈ ಬೆರಳು ದಬ್ಬಿ ಒಳಗ ಒಬ್ಬಂಟಿ ಕುಂತು ಪೂಜಾ ಮಾಡ್ಕೊಂಡೈತೇನ್ರಿ?"

ಒಂಬತ್ತು ದಿನ ಹೋದವು. ಲೆಕ್ಕ ಮತ್ತೆ ಒಂದರಿಂದ.

೪. ಟವೆಲಿನ ಕೆಳಗೆ

ಹದಿನೆಂಟರಲ್ಲಿ ಒಂಬತ್ತು ಕಳೆದರೂ ಒಂಬತ್ತು ಉಳಿದಿವೆ ಎಂದು ಸಮಾಧಾನ ಮಾಡಿಕೊಂಡೆ. ಹನ್ನೆರಡು ದಿನ ಯಾವ ಅನಾಹುತವೂ ಆಗಲಿಲ್ಲ. ಆಗ ಎಮ್ಮಿಗನೂರಿನಿಂದ ಮಾವ ಬಂದರು. ಮಾವ ಎಂದರೆ ದೊಡ್ಡವ್ವನ ತಮ್ಮ. ಕಂಪ್ಲಿ ಸಂತೆಯಲ್ಲಿ ಒಂದು ಎತ್ತು ನೋಡಬೇಕು, ಭಾವನ ಕಣ್ಣು ಚಲೋ, ಕರೆದುಕೊಂಡು ಹೋಗುತ್ತೇನೆ ಎಂದರು.

"ಕಣ್ಣು ಒಯ್ರಿ ಮಾವ, ಬೆರಳು ಮುಟ್ಟಬ್ಯಾಡ್ರಿ" ಎಂದೆ.

"ಏ, ನಿನ್ನ ಬೆರಳಿಗೆ ಏನಾಗ್ತೈತಿ ಬಿಡವಾ, ಬರೇ ನೋಡಿ ಬರೂದು."

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವರ ಕಡೆಯ ದಲ್ಲಾಳಿ, ಕೊಳ್ಳುವವರು ಇಬ್ಬರೂ ಕೈ ಚಾಚುತ್ತಾರೆ, ಕೈಗಳ ಮೇಲೆ ಒಂದು ಟವೆಲ್ ಹೊದಿಸುತ್ತಾರೆ. ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಬೆರಳು ಹಿಡಿದೇ ಉತ್ತರ ಕೊಡುವುದು. ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಒಳಗೆ ಇಲಿ ಓಡಾಡಿದ ಹಾಗೆ ಅಲುಗುವ ಬಟ್ಟೆ ಮಾತ್ರ. ವ್ಯಾಪಾರ ಕುದುರಿದರೆ ಕೊಳ್ಳುವವರು ಟವೆಲನ್ನು ಎತ್ತಿ ಹಾರಿಸುತ್ತಾರೆ. ಟವೆಲ್ ಹಾರಿತು ಎಂದರೆ ಮುಗಿಯಿತು, ಆಮೇಲೆ ದೇವರು ಬಂದರೂ ಆ ಮಾತು ತಿರುಗುವುದಿಲ್ಲ.

ಮಾವ ಬೇರೆ ಎತ್ತಿನ ಹಲ್ಲು ಎಣಿಸುತ್ತಿದ್ದಾಗ ಒಬ್ಬ ಮುದುಕ ದಲ್ಲಾಳಿ ಒಂದು ಕಂದು ಎತ್ತಿನ ಪಕ್ಕದಲ್ಲಿ ನಿಂತು ದೊಡ್ಡಪ್ಪನನ್ನು ಕರೆದ. ಸಾವುಕಾರರಾದವರು ಕರೆದ ಮೇಲೆ ಕೈ ಕೊಡದೆ ಇರಲಾಗುವುದಿಲ್ಲವಂತೆ. ಕೊಟ್ಟರು, ಅದೂ ಬಲಗೈ. ಟವೆಲ್ ಬಿತ್ತು. ದಲ್ಲಾಳಿ ಹೆಬ್ಬೆರಳಿನಿಂದ ಒಂದೊಂದೇ ಬೆರಳು ಮುಟ್ಟುತ್ತ ಬಂದವನು ನಡುವೆ ಬಂದದ್ದೇ ತಡ, ನಿಂತುಬಿಟ್ಟ. ಒತ್ತಿದ. ಕಟ್ಟಿಗೆ! ಇನ್ನೊಮ್ಮೆ ಒತ್ತಿದ. ಕಟ್ಟಿಗೆಯೇ!

"ಸಾವ್ಕಾರ್ರ, ನಲವತ್ತು ವರ್ಷ ಆತು ಈ ಧಂದಾ ಮಾಡಾಕತ್ತು. ಇಂಥಾ ರೇಟು ನಾ ಮುಟ್ಟಿಲ್ಲ. ಎಷ್ಟ್ರಿ ಇದು?"

"ಅದು ರೇಟಲ್ಲೋ, ಅದನ್ನ ಬಿಡು."

ಬಿಡು ಎಂದರೆ ಆ ಬೆರಳನ್ನು ಬೆಲೆಯಿಂದ ಬಿಡು ಎಂದು ದಲ್ಲಾಳಿ ತಿಳಿದ. ಸಂತೆಯಲ್ಲಿ ಬಿಡುವ ಬೆರಳನ್ನು ಮಡಚಬೇಕು. ಅವನು ಧರ್ಮದಿಂದಲೇ ಮಡಚಿದ.

ದಬ್ಬೆ ಮುರಿದ ಸಪ್ಪಳ ಮಾವನಿಗೂ ಕೇಳಿಸಿತಂತೆ. ದೊಡ್ಡಪ್ಪ ಹೌಹಾರಿ ಕೈ ಮೇಲೆತ್ತಿದರು. ಕೈಯ ಜೊತೆಗೆ ಟವೆಲೂ ಎದ್ದು, ತಲೆಯ ಮೇಲೆ ಹಾದು, ಹಿಂದಿನ ಎಮ್ಮೆಯ ಕೊಂಬಿಗೆ ಹೋಗಿ ಕೂತಿತು. ಸುತ್ತಲಿನವರೆಲ್ಲ "ಮುಗೀತು! ಮುಗೀತು!" ಎಂದು ಕೇಕೆ ಹಾಕಿದರು.

ಸಂಜೆ ದೊಡ್ಡಪ್ಪ ಮುರಿದ ದಬ್ಬೆ ಒಂದು ಕೈಯಲ್ಲಿ, ಎತ್ತಿನ ಹಗ್ಗ ಇನ್ನೊಂದು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. ಮಾವ ಹಿಂದೆ ನಿಂತು ಸಂತೆಯ ಕಥೆಯನ್ನು ಅಭಿನಯ ಸಹಿತ ಹೇಳಿದರು. ದೊಡ್ಡವ್ವ ಎತ್ತನ್ನು ಸುತ್ತ ನೋಡಿದಳು. ಅದಕ್ಕೆ ಒಂದು ಕಣ್ಣಲ್ಲಿ ಹೂವು ಬಿದ್ದಿತ್ತು, ಆ ಕಡೆ ಕಾಣುತ್ತಿರಲಿಲ್ಲ.

"ಪುಣ್ಯ, ಬೆರಳಷ್ಟ ಹಿಡದಾನ. ಅಂಗೈ ಪೂರಾ ಹಿಡಿದಿದ್ರ ಸಂತಿನ ಮನಿಗೆ ಬರ್ತಿತ್ತು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಒಂಬತ್ತು ಮತ್ತು ಹನ್ನೆರಡು, ಇಪ್ಪತ್ತೊಂದು ದಿನ ಹೋಗಿದ್ದವು. ಉಳಿದದ್ದು ಮೂವತ್ತೊಂಬತ್ತು, ಬೇಕಾದದ್ದು ನಲವತ್ತೆರಡು. ಮೇಲೆ ಟಪಾಲಿಗೆ ಎರಡು ದಿನ. ಐದು ದಿನ ಕಡಿಮೆ ಬಿದ್ದಿತ್ತು. ನಾನು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಪ್ಪ ಬಂದು, ಜೋತುಬಿದ್ದ ಬೆರಳನ್ನು ನೋಡುತ್ತ ಪಕ್ಕದಲ್ಲಿ ಕೂತರು.

೫. ಸಂಡೂರಿನ ಕಾಯ್ದೆ

ಮರುದಿನ ಹೊಸ ದಬ್ಬೆ ಬಂತು. ಸಂಡೂರಿಗೆ ಹೋಗುವ ಯೋಚನೆ ದೊಡ್ಡಪ್ಪನದು. ಅಲ್ಲಿ ಗುಡ್ಡದ ಸಂದಿಯ ಒಂದು ಹಳ್ಳಿಯಲ್ಲಿ ಎಲುಬು, ನರ ಕಟ್ಟುವ ಮುದುಕನೊಬ್ಬನಿದ್ದ. ಅವನು ಮುಟ್ಟಿದರೆ ವಾರದಲ್ಲಿ ಗುಣ ಎಂದು ಹೆಸರು.

"ಡಾಕ್ಟರ್ ಆರು ವಾರ ಅಂದಾರಲ್ಲ ದೊಡ್ಡಪ್ಪ?"

"ಅದು ಮದ್ರಾಸಿನ ಕಾಯ್ದೆ. ಸಂಡೂರು ರಾಜರ ಸೀಮಿ. ಅಲ್ಲಿ ಮದ್ರಾಸಿನ ಕಾಯ್ದೆ ನಡ್ಯಂಗಿಲ್ಲ."

ನಾನು ವಾದಿಸಲಿಲ್ಲ. ಐದು ದಿನ ಯಾರು ಕೊಟ್ಟರೂ ತೆಗೆದುಕೊಳ್ಳುವ ಸ್ಥಿತಿ ನನ್ನದು. ನನ್ನ ಸಲುವಾಗಿ ಹೊರಟಿದ್ದರೋ, ದಬ್ಬೆಯ ಕಾಟ ತಪ್ಪಿಸಿಕೊಳ್ಳಲು ಹೊರಟಿದ್ದರೋ, ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೀಮೆ ದಾಟುವಲ್ಲಿ ಸುಂಕದ ಕಟ್ಟೆ. ರುಮಾಲು ಸುತ್ತಿದ ಕಾವಲಿನವನು ಮೋಟಾರಿನೊಳಗೆ ತಲೆ ಹಾಕಿ, ಬಿಳಿ ಬಟ್ಟೆ ಸುತ್ತಿದ ಬೆರಳನ್ನೇ ದಿಟ್ಟಿಸಿದ.

"ಅದರಾಗ ಏನೈತ್ರಿ?"

"ಬೆರಳು."

"ಯಾರದು?"

ದೊಡ್ಡಪ್ಪ ಬೆರಳಿನ ಕಡೆ ನೋಡಿದರು. "ನಮ್ಮದ" ಎಂದು ನಾನೇ ಹೇಳಿದೆ. ನಮ್ಮದಾದರೆ ಸುಂಕವಿಲ್ಲ ಎಂದು ಬಿಟ್ಟ.

ಮುದುಕ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ. ಕಣ್ಣು ಮಂಜು. ದೊಡ್ಡಪ್ಪ ಕೈ ಚಾಚಿದರು. ಅವನು ಬಟ್ಟೆಯ ಮೇಲಿನಿಂದಲೇ ಬೆರಳನ್ನು ಬುಡದಿಂದ ತುದಿಯವರೆಗೆ ಸವರಿದ, ದಬ್ಬೆಯ ತುದಿಗೆ ಉಗುರಿನಿಂದ ಬಡಿದು ಕಿವಿಗೊಟ್ಟ. ಬಿಚ್ಚಿದರೆ ಎರಡೇ ದಿನ ಹಳೆಯ ಲೆಕ್ಕವೂ ಹೋಗುತ್ತದೆ, ಬಿಚ್ಚದಿದ್ದರೆ ಬಂದದ್ದು ದಂಡ.

"ಯಾರು ಕಟ್ಯಾರ ಇದನ್ನ?"

"ಸರಕಾರಿ ದವಾಖಾನ್ಯಾಗ. ಬಿಚ್ಚಿ ನೋಡಜ್ಜ."

"ಚಲೋ ಕಟ್ಯಾರ. ಇದನ್ನ ಬಿಚ್ಚಿದಾಂವ ಹುಚ್ಚ." ಮುದುಕ ಬೆರಳು ಬಿಟ್ಟು ಕೇಳಿದ. "ಎಷ್ಟು ದಿನ ಅಂದಾರ?"

"ಆರು ವಾರ ಅಂತಾರಪ್ಪ, ಆರು ವಾರ!"

ಮುದುಕ ಬೊಚ್ಚು ಬಾಯಲ್ಲಿ ನಕ್ಕ. "ಸಣ್ಣ ಹುಡುಗರು, ಅವಸರ ಭಾಳ. ಎಂಟು ವಾರ ಇಡ್ರಿ."

ವಾಪಸು ಹೊರಟೆವು. ಸುಂಕದ ಕಟ್ಟೆ ದಾಟಿ ನಮ್ಮ ಸೀಮೆಯ ರಸ್ತೆಗೆ ಬಿದ್ದ ಮೇಲೆ ದೊಡ್ಡಪ್ಪ ನಿಟ್ಟುಸಿರು ಬಿಟ್ಟರು.

"ಏನ ಅನ್ನವಾ, ಮದ್ರಾಸ್ ಸರಕಾರನ ವಾಸಿ."

೬. ಹೆಬ್ಬೆಟ್ಟು

ಆಮೇಲೆ ಬೆರಳು ಬಗ್ಗಲಿಲ್ಲ. ಬಗ್ಗಲು ನಾನು ಬಿಡಲಿಲ್ಲ. ದೊಡ್ಡಪ್ಪ ಗಿರಣಿಗೆ ಹೋದರೆ ಹಿಂದೆ ನಾನು, ಕಟ್ಟೆಗೆ ಹೋದರೆ ಹಿಂದೆ ನಾನು. ಬೆಳಿಗ್ಗೆ ಅವರ ವಿಭೂತಿಯ ನಡುವಿನ ಎಳೆಯನ್ನು ಎಳೆಯುವುದೂ ನನ್ನ ಬೆರಳೇ ಆಯಿತು.

ಫಾರಂ ಟಪಾಲಿಗೆ ಬೀಳಲೇಬೇಕಾದ ದಿನ ಬಂತು. ಲೆಕ್ಕದಲ್ಲಿ ಐದು ದಿನ ಇನ್ನೂ ಬಾಕಿ. ಬೆಳಿಗ್ಗೆ ದೊಡ್ಡಪ್ಪ ಯಾರೂ ಹೇಳದೆ ತಾವೇ ಫಾರಮನ್ನು ಗೂಡಿನಿಂದ ತೆಗೆದು ಮೇಜಿನ ಮೇಲೆ ಹರಡಿದರು. ದಬ್ಬೆಯಿದ್ದಂತೆಯೇ ಪೆನ್ನು ಹಿಡಿದು ಹಳೆಯ ಕಾಗದದ ಮೇಲೆ ಸಹಿ ಪ್ರಯತ್ನಿಸಿದರು. ಪೆನ್ನು ಜಾರಿತು. ಮೆರವಣಿಗೆ ಹೊರಡುವ ಮೊದಲೇ ಚೆಲ್ಲಾಪಿಲ್ಲಿಯಾಯಿತು. ಕೋಳಿ ಕೆದರಿದ ಹಾಗಿದ್ದ ಆ ಗೀಚನ್ನು ನೋಡಿ, ಕಾಗದ ಹರಿದರು. ನಂತರ ಬಲಗೈ ನನ್ನ ಮುಂದೆ ಚಾಚಿದರು.

"ಬಿಚ್ಚವಾ."

"ದೊಡ್ಡಪ್ಪ?"

"ಬಿಚ್ಚು. ಸಹಿ ಮಾಡ್ತೀನಿ. ಬೆರಳು ಜೋತ್ರ ಜೋತ್ಲಿ. ನಿನ್ನ ಸೀಟು ಹೋಗಬಾರದು."

ಎರಡು ತಿಂಗಳು ನಾನು ಕಾದದ್ದು ಆ ಮಾತಿಗೇ. ಬಟ್ಟೆಯ ಗಂಟು ನನ್ನ ಕೈಗೇ ಸಿಗುವಂತಿತ್ತು, ಹಾಕಿದವಳೂ ನಾನೇ. ಆದರೆ ಆ ಬೆರಳನ್ನು ಮೂವತ್ತೇಳು ದಿನ ಕಾದು ಕಾದು, ಅದು ಜೋಲುವುದನ್ನು ನೋಡುವ ಮನಸ್ಸು ನನಗೆ ಉಳಿದಿರಲಿಲ್ಲ.

"ಬಿಚ್ಚಂಗಿಲ್ಲ" ಎಂದೆ.

"ಹಂಗಾದ್ರ ಮದ್ರಾಸು?"

"ಬಿಚ್ಚಂಗಿಲ್ಲ."

ಇಬ್ಬರೂ ಫಾರಮನ್ನು ನಡುವೆ ಇಟ್ಟುಕೊಂಡು ಕೂತೆವು. ಅಕ್ಕಿ ಆರಿಸುತ್ತಿದ್ದ ದೊಡ್ಡವ್ವ ಮೊರದಿಂದ ತಲೆ ಎತ್ತದೆ ಹೇಳಿದಳು.

"ಎಡಗೈ ಹೆಬ್ಬೆಟ್ಟಿಗೆ ಏನಾಗೇತಿ? ನಾ ಹಾಕಂಗಿಲ್ಲೇನು?"

ದೊಡ್ಡಪ್ಪ ಎದ್ದು ನಿಂತರು. "ಹೆಬ್ಬೆಟ್ಟು? ನಾನು? ಕಟ್ಟಿ ಮ್ಯಾಲೆ ಕುಂತು ಊರಿಗೆ ಪೇಪರ್ ಓದಿ ಹೇಳಾಂವ, ಮದ್ರಾಸಿಗೆ ಹೆಬ್ಬೆಟ್ಟು ಕಳಸ್ಲೇನು?"

"ಸಹಿ ಬರಂಗಿಲ್ಲ, ಬೆರಳು ಬಿಚ್ಚಂಗಿಲ್ಲ. ಹೆಬ್ಬೆಟ್ಟು ಬ್ಯಾಡಂದ್ರ ಹುಡುಗಿ ಮನ್ಯಾಗ ಕುಂದರ್ಲಿ ಬಿಡ್ರಿ."

ದೊಡ್ಡಪ್ಪ ಒಂದು ಸುತ್ತು ಅಂಗಳಕ್ಕೆ ಹೋಗಿ ಬಂದರು. ಇನ್ನೊಂದು ಸುತ್ತು ಹೋಗಿ ಬಂದರು. ಆಮೇಲೆ ಬೀದಿ ಬಾಗಿಲಿಗೆ ಅಗಳಿ ಹಾಕಿದರು, ಕಿಟಕಿ ಮುಚ್ಚಿದರು. ಸಾಕ್ಷಿ ಬೇಕಲ್ಲ, ಕಂಪೌಂಡರ್ ಕಾಕಾನನ್ನು ಹಿತ್ತಲ ಬಾಗಿಲಿಂದ ಕರೆತಂದೆ. ದೊಡ್ಡಪ್ಪ ಎಡಗೈ ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿ, ಬಾಗಿಲಿಗೆ ಮೊಳೆ ಹೊಡೆಯುವ ಹಾಗೆ ಕಾಗದದ ಮೇಲೆ ಕುಟ್ಟಲು ಹೋದರು. ದೊಡ್ಡವ್ವ ಮೊರ ಕೆಳಗಿಟ್ಟು ಓಡಿ ಬಂದು ಕೈ ಹಿಡಿದಳು.

"ಏ, ಹಂಗ ಒತ್ತಬ್ಯಾಡ್ರಿ, ಕಲಸಿ ಹೊಕ್ಕೈತಿ! ಮಸಿ ಒರಸ್ರಿ ಅರ್ಧ. ಈಗ ಒಂದು ಮಗ್ಗಲಿಂದ ಇನ್ನೊಂದು ಮಗ್ಗಲಿಗೆ ಸಾವಕಾಶ ಹೊಳ್ಳಸ್ರಿ. ಹಾಂ, ಹಂಗ. ಉಸಿರು ಹಿಡೀರಿ. ಎತ್ರಿ."

ಗೆರೆ ಗೆರೆ ಎಣಿಸುವ ಹಾಗೆ ಮೂಡಿತು. ದೊಡ್ಡವ್ವ ತಲೆ ಓರೆ ಮಾಡಿ ನೋಡಿ, "ಮೊದಲನೇದಕ್ಕ ಅಡ್ಡಿಯಿಲ್ಲ" ಎಂದಳು. ಕಂಪೌಂಡರ್ ಕಾಕಾ ಕೆಳಗೆ "ಇದು ಪಾಲಕರ ಎಡಗೈ ಹೆಬ್ಬೆಟ್ಟಿನ ಗುರುತು" ಎಂದು ಇಂಗ್ಲಿಷಿನಲ್ಲಿ ಬರೆದು ತಮ್ಮ ಸಹಿ ಹಾಕಿದರು. ಫಾರಂ ಮಧ್ಯಾಹ್ನದ ಟಪಾಲಿಗೆ ಹೋಯಿತು.

ಐದು ದಿನದ ಮೇಲೆ ಡಾಕ್ಟರೇ ದಬ್ಬೆ ತೆಗೆದರು. ಬೆರಳು ಅಳತೆಗೋಲಿನ ಹಾಗೆ ನಿಂತಿತ್ತು. ಇನ್ನು ಸಾವಕಾಶ ಮಡಚಬಹುದು ಎಂದರು. ದೊಡ್ಡಪ್ಪ ಮಡಚಲಿಲ್ಲ. ಡಾಕ್ಟರನ್ನು ಬಿಟ್ಟು ನನ್ನ ಕಡೆ ತಿರುಗಿ ಕೇಳಿದರು, "ಬಗ್ಗಸ್ಲೇನವಾ?"

ಮದ್ರಾಸಿನಲ್ಲಿ ಪ್ರಿನ್ಸಿಪಾಲರು ಒಬ್ಬ ಇಂಗ್ಲಿಷ್ ಹೆಂಗಸು. ಮೊದಲ ದಿನವೇ ನನ್ನನ್ನು ಕರೆಸಿ, ಫಾರಮಿನ ಮೇಲಿನ ಹೆಬ್ಬೆಟ್ಟನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, ಕಣ್ಣು ಒದ್ದೆ ಮಾಡಿಕೊಂಡರು. ತಮಗೆ ಅಕ್ಷರವಿಲ್ಲದಿದ್ದರೂ ಹುಡುಗಿಯನ್ನು ಇಷ್ಟು ದೂರ ಓದಲು ಕಳಿಸಿದ್ದಾರಲ್ಲ, ಎಂಥ ದೊಡ್ಡ ಮನಸ್ಸು ಎಂದರು. ನಾನು ಬಾಯಿ ತೆರೆದೆ. ಕಚ್ಚೆ, ವಿಭೂತಿ, ದಲ್ಲಾಳಿ, ಟವೆಲ್, ಇವನ್ನೆಲ್ಲ ಯಾವ ಇಂಗ್ಲಿಷಿನಲ್ಲಿ ಹೇಳುವುದು? ಬಾಯಿ ಮುಚ್ಚಿಕೊಂಡೆ. ಅವರು ಅಲ್ಲಿಗೇ ಬಿಡಲಿಲ್ಲ. ಕಾಲೇಜಿನ ಕನ್ನಡ ಪಂಡಿತರಿಂದ ದೊಡ್ಡಪ್ಪನಿಗೊಂದು ಪತ್ರ ಬರೆಸಿದರು.

ಆ ಪತ್ರದ ಕಥೆಯನ್ನು ದಸರೆಯ ರಜೆಯಲ್ಲಿ ದೊಡ್ಡವ್ವ ಹೇಳಿದಳು. ಪತ್ರ ಬಂದಾಗ ಮನೆಯಲ್ಲಿ ಇವರಿಬ್ಬರೇ. ದಪ್ಪ ದಪ್ಪ ಅಕ್ಷರ. ಮೇಲುಗಡೆ ಕೆಂಪು ಮಸಿಯಲ್ಲಿ ಒಂದು ಸಾಲು: "ದಯವಿಟ್ಟು ಓದು ಬಲ್ಲವರು ಯಾರಾದರೂ ಇದನ್ನು ಈ ಹಿರಿಯರಿಗೆ ಜೋರಾಗಿ ಓದಿ ಹೇಳಬೇಕು."

ದೊಡ್ಡಪ್ಪ ಆ ಸಾಲನ್ನು ಎರಡು ಸಲ ನೋಡಿದರಂತೆ. ಹರಿದು ಹಾಕುತ್ತಾರೆ ಎಂದು ದೊಡ್ಡವ್ವ ಅಂದುಕೊಂಡಳು. ಹರಿಯಲಿಲ್ಲ. ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಪಂಡಿತರು ಹೇಳಿದ ಹಾಗೆಯೇ, ಪೂರ್ತಿ ಪತ್ರವನ್ನು ತಮಗೆ ತಾವೇ ಜೋರಾಗಿ ಓದಿ ಹೇಳಿಕೊಂಡರು. ಹೊಗಳಿಕೆ ಬಂದ ಕಡೆಯಲ್ಲೆಲ್ಲ ನಿಲ್ಲಿಸಿ ತಲೆದೂಗಿದರು. ಮುಗಿದ ಮೇಲೆ ದೊಡ್ಡವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಎಷ್ಟು ಚಲೋ ಬರದಾರ್ರಿ. ನಿಮಗೂ ನಾಲ್ಕು ಅಕ್ಷರ ಬರ್ತಿದ್ರ ಉತ್ತರ ಬರೀಬಹುದಿತ್ತು" ಎಂದಳಂತೆ. ದೊಡ್ಡಪ್ಪ ಮಸಿಯ ದೌತಿ ತೆಗೆದುಕೊಂಡು ಎಡಗೈ ಹೆಬ್ಬೆರಳು ಮುಂದೆ ಮಾಡಿದರು. "ಹೊಳ್ಳಸಾಕ ನೀನ ಹಿಡಿ. ನನಗ ಇನ್ನೂ ರೂಢಿ ಆಗಿಲ್ಲ."

ಇದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಬೇಡಿ, ನಿಮ್ಮ ಮನೆಯ ಹಿರಿಯರಿಗೆ ಹೇಳಿ. ಅವರಿಗೆ ಓದಲು ಬರುತ್ತಿದ್ದರೂ ಪರವಾಗಿಲ್ಲ, ಜೋರಾಗಿಯೇ ಓದಿ ಹೇಳಿ.